ಸೋಗಿನ ಅಳುಕು: ಕಚೇರಿಯೊಳಗಿನ ಒಂದು ಚರಿತ್ರೆ

ಸಮರ್ಥರಾದ ವ್ಯಕ್ತಿಯೊಬ್ಬರ ಯೋಗ್ಯತೆಯ ಬಗ್ಗೆ ಅವರು ದುಡಿಯುವ ಜಾಗದಲ್ಲಿ ಸಂದೇಹ ಹುಟ್ಟಿಕೊಂಡರೆ, ಆ ಸಂದೇಹದ ಬೇರನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗೆ ಒಂದೇ ವರ್ಷದ ಅಂತರದಲ್ಲಿ ಎರಡು ದೇಶಗಳಲ್ಲಿ ಎರಡು ಉತ್ತರಗಳು ದೊರೆತವು. 1978ರಲ್ಲಿ ಅಮೆರಿಕದ ಅಟ್ಲಾಂಟಾದ ಇಬ್ಬರು ಮನಃಶಾಸ್ತ್ರಜ್ಞೆಯರು ಆ ಬೇರನ್ನು ವ್ಯಕ್ತಿಯ ಮನಸ್ಸಿನಲ್ಲಿಯೂ ಆಕೆ ಬೆಳೆದ ಮನೆಯಲ್ಲಿಯೂ ಹುಡುಕಿದರು. 1979ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ರಾಜತಾಂತ್ರಿಕೆಯೊಬ್ಬರು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತು, ಅದು ಸರ್ಕಾರದ ಸೇವಾ ನಿಯಮಗಳಲ್ಲಿದೆ ಎಂದರು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಅಗತ್ಯ ನಮಗೆ, ಅಂದರೆ ನಾಡಿನ ಹೊರಗೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ, ತುಸು ಹೆಚ್ಚೇ ಇದೆ.

ಅಟ್ಲಾಂಟಾದ ಕಥೆಯಿಂದ ಆರಂಭಿಸೋಣ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪಾಲಿನ್ ರೋಸ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅವರು 150ಕ್ಕೂ ಹೆಚ್ಚು ಮಹಿಳೆಯರೊಂದಿಗೆ ಮಾತನಾಡಿದ್ದರು. ಅವರೆಲ್ಲರೂ ಪದವಿ, ಬಹುಮಾನ, ಹುದ್ದೆಗಳನ್ನು ಗಳಿಸಿದವರು. ತಮ್ಮ ತಮ್ಮ ಕ್ಷೇತ್ರದಲ್ಲಿ ಮನ್ನಣೆ ಪಡೆದವರು. ಆದರೆ ಅವರಿಗೆ ತಮ್ಮ ಬುದ್ಧಿಶಕ್ತಿಯ ಮೇಲೆ ನಂಬಿಕೆಯಿರಲಿಲ್ಲ. ತಮ್ಮ ಆಯ್ಕೆಯಾದದ್ದು ಯಾರದೋ ಕಣ್ತಪ್ಪಿನಿಂದ, ಅಂಕ ಬಂದದ್ದು ಅದೃಷ್ಟದಿಂದ, ಮೆಚ್ಚುಗೆ ದೊರೆತದ್ದು ನಯವಾದ ನಡತೆಯಿಂದ ಎಂದು ಅವರು ಬಲವಾಗಿ ನಂಬಿದ್ದರು. ಒಂದಲ್ಲ ಒಂದು ದಿನ ತಮ್ಮ ನಿಜಸ್ವರೂಪ ಬಯಲಾಗುವುದೆಂಬ ಭಯ ಅವರನ್ನು ಬಿಟ್ಟಿರಲಿಲ್ಲ. ಈ ಸ್ಥಿತಿಗೆ ಲೇಖಕಿಯರು 'ಇಂಪೋಸ್ಟರ್ ಫಿನಾಮೆನನ್' ಎಂಬ ಹೆಸರಿಟ್ಟರು. 'ಸಿಂಡ್ರೋಮ್' ಎಂಬ ಪದ ಅವರದಲ್ಲ; ಅದು ಆಮೇಲೆ ಜನರ ಬಾಯಲ್ಲಿ ಸೇರಿಕೊಂಡದ್ದು. ಅಮೆರಿಕದ ಮನೋವೈದ್ಯರು ಬಳಸುವ ರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಇಂದಿಗೂ ಸ್ಥಾನವಿಲ್ಲ. ಇದೊಂದು ಅನುಭವ, ಹೆಸರು ಬದಲಾದ ಮಾತ್ರಕ್ಕೆ ಅದು ಕಾಯಿಲೆಯಾಗುವುದಿಲ್ಲ.

ಕನ್ನಡದಲ್ಲಿ ಇದನ್ನು ಏನೆಂದು ಕರೆಯೋಣ? 'ಸೋಗಲಾಡಿತನ' ಎಂದರೆ ಅರ್ಥ ತಲೆಕೆಳಗಾಗುತ್ತದೆ. ಸೋಗಲಾಡಿಗೆ ತಾನು ಹಾಕಿರುವುದು ವೇಷವೆಂದು ಗೊತ್ತು. ಆ ಬಗ್ಗೆ ಅವನಿಗೆ ನಾಚಿಕೆಯಿಲ್ಲ. ಇಲ್ಲಿಯಾದರೋ ವೇಷವೇ ಇಲ್ಲ. ಮೈಮೇಲಿರುವುದು ತಾನೇ ದುಡಿದು ಗಳಿಸಿದ ಬಟ್ಟೆ; ಆದರೂ ಎರವಲು ತಂದದ್ದೆಂಬ ಅಳುಕು. ಆದ್ದರಿಂದ ಈ ಬರಹದಲ್ಲಿ ನಾವು ಅದನ್ನು 'ಸೋಗಿನ ಅಳುಕು' ಎಂದು ಕರೆಯುತ್ತೇವೆ.

ಈ ಅಳುಕು ಕೆಲಸ ಮಾಡುವ ಬಗೆಯನ್ನು ಕ್ಲಾನ್ಸ್ ಮತ್ತು ಐಮ್ಸ್ ಸೂಕ್ಷ್ಮವಾಗಿ ಗುರುತಿಸಿದ್ದರು. ಹೊಸದೊಂದು ಹೊಣೆ ಬಂದೊಡನೆ ಭಯ ಆರಂಭವಾಗುತ್ತದೆ. ಭಯದಿಂದಾಗಿ ವ್ಯಕ್ತಿ ಅಗತ್ಯಕ್ಕಿಂತ ಎಷ್ಟೋ ಪಟ್ಟು ದುಡಿಯುತ್ತಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ, ಹೊಗಳಿಕೆಯೂ ಬರುತ್ತದೆ. ಆದರೆ ಗೆದ್ದದ್ದು ತನ್ನ ದುಡಿಮೆಯೇ ಹೊರತು ಸಾಮರ್ಥ್ಯವಲ್ಲ ಎಂಬ ತೀರ್ಮಾನಕ್ಕೆ ಮನಸ್ಸು ಬರುತ್ತದೆ. ಹೀಗೆ ಪ್ರತಿ ಗೆಲುವೂ ಅಳುಕನ್ನು ಕರಗಿಸುವ ಬದಲು ಗಟ್ಟಿಗೊಳಿಸುತ್ತದೆ. ಇದರ ಜೊತೆಗೆ ಇನ್ನೊಂದು ಅಭ್ಯಾಸ ಬೆಳೆಯುತ್ತದೆ: ಮೇಲಿನವರಿಗೆ ಯಾವ ಅಭಿಪ್ರಾಯ ಪ್ರಿಯವೋ ಅದನ್ನೇ ತನ್ನದೆಂದು ಹೇಳುವುದು. ಆಮೇಲೆ ಮೆಚ್ಚುಗೆ ಬಂದರೂ ಅದು ತನ್ನ ನಿಜವಾದ ಮಾತಿಗೆ ಬಂದದ್ದಲ್ಲವೆಂಬ ಕೊರಗು ಉಳಿಯುತ್ತದೆ. ಸಭೆಯಲ್ಲಿ ತಲೆಯಾಡಿಸಿ, ಹೊರಬಂದ ಮೇಲೆ ಕಾರಿಡಾರಿನಲ್ಲಿ ಭಿನ್ನಮತ ಹೇಳುವವರನ್ನು ಕಂಡಿರುವ ನಮಗೆ ಈ ವಿವರಣೆ ಹೊಸದೆನಿಸದು.

ಈ ಅಳುಕಿಗೆ ಹೆಸರು ದೊರೆತದ್ದು 1978ರಲ್ಲಿ. ಆದರೆ ನಮ್ಮ ದೇಶದ ಸರ್ಕಾರಿ ಕಚೇರಿಗಳಲ್ಲಿ ಅದಕ್ಕೆ ಕುರ್ಚಿ ಹಾಕಿಕೊಟ್ಟದ್ದು ಬಹಳ ಹಿಂದೆ. 1853ರ ಚಾರ್ಟರ್ ಕಾಯಿದೆಯು ಭಾರತದ ಸಿವಿಲ್ ಸೇವೆಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ತೆರೆಯಿತು. ಮೆಕಾಲೆಯ ನೇತೃತ್ವದ ಸಮಿತಿ 1854ರಲ್ಲಿ ಪರೀಕ್ಷೆಯ ರೂಪರೇಷೆ ನೀಡಿತು. 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಲ್ಲಿಯವರೆಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಕೃಪೆಯಿಂದ ಸಿಗುತ್ತಿದ್ದ ಹುದ್ದೆ ಇನ್ನು ಮೇಲೆ ಅಂಕಗಳಿಂದ ಸಿಗಬೇಕಿತ್ತು. ತಾತ್ತ್ವಿಕವಾಗಿ ಅದು ಬಿಡುಗಡೆಯ ಬಾಗಿಲು: ಯಾರ ಮಗ ಎಂದು ಕೇಳದೆ ಏನು ಬಲ್ಲೆ ಎಂದು ಕೇಳುವ ವ್ಯವಸ್ಥೆ. 1863ರಲ್ಲಿ ಸತ್ಯೇಂದ್ರನಾಥ ಟಾಗೋರರು ಆ ಬಾಗಿಲನ್ನು ದಾಟಿದ ಮೊದಲ ಭಾರತೀಯರಾದರು. 1869ರಲ್ಲಿ ಸುರೇಂದ್ರನಾಥ ಬ್ಯಾನರ್ಜಿ, ರಮೇಶಚಂದ್ರ ದತ್ತ, ಬಿಹಾರಿಲಾಲ್ ಗುಪ್ತ ಮುಂತಾದವರು ಉತ್ತೀರ್ಣರಾದರು.

ಭಾರತೀಯರು ಪರೀಕ್ಷೆಯಲ್ಲಿ ಗೆಲ್ಲತೊಡಗಿದಾಗ, ಪರೀಕ್ಷೆ ಸಾಲದು ಎಂಬ ವಾದ ತಲೆಯೆತ್ತಿತು. ಪುಸ್ತಕದ ಬುದ್ಧಿ ಬೇರೆ, ಆಳುವ ಗುಣ ಬೇರೆ; ಅಂಕ ಗಳಿಸಬಹುದು, ಆದರೆ ಕುದುರೆಯೇರಿ ಜಿಲ್ಲೆಯನ್ನು ಹತೋಟಿಯಲ್ಲಿಡುವ ಧೈರ್ಯ ಇವರಿಗೆಲ್ಲಿ ಎಂಬ ಮಾತುಗಳು ಹುಟ್ಟಿದವು. 1878ರಲ್ಲಿ ಅಭ್ಯರ್ಥಿಗಳ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಲಾಯಿತು. ಸಮುದ್ರ ದಾಟಿ ಪರಭಾಷೆಯಲ್ಲಿ ಪರೀಕ್ಷೆ ಬರೆಯಬೇಕಾದ ಹುಡುಗರಿಗೆ ಅದರಿಂದ ಬಾಗಿಲು ಬಹುಪಾಲು ಮುಚ್ಚಿದಂತಾಯಿತು. 1879ರಲ್ಲಿ ಬೇರೊಂದು ಶಾಸನಬದ್ಧ ಸೇವೆ ಸ್ಥಾಪನೆಯಾಯಿತು. ಅದಕ್ಕೆ ಒಳ್ಳೆಯ ಮನೆತನದ ಭಾರತೀಯರನ್ನು ನಾಮಕರಣದ ಮೂಲಕ ಆರಿಸಲಾಗುತ್ತಿತ್ತು. 'ಏನು ಬಲ್ಲೆ' ಎಂಬ ಪ್ರಶ್ನೆ ಮತ್ತೆ 'ಯಾರ ಮಗ' ಎಂಬುದಕ್ಕೆ ಮರಳಿತು. ಇಂಗ್ಲೆಂಡಿನ ಜೊತೆಗೆ ಭಾರತದಲ್ಲಿಯೂ ಪರೀಕ್ಷೆ ನಡೆಸಬೇಕೆಂಬ ಬೇಡಿಕೆಯನ್ನು 1886ರಲ್ಲಿ ನೇಮಕವಾದ ಐಚಿಸನ್ ಆಯೋಗ ಒಪ್ಪಲಿಲ್ಲ. ಅದು ಈಡೇರಿದ್ದು 1922ರಲ್ಲಿ, ಅಲಹಾಬಾದಿನಲ್ಲಿ.

ಬಿಹಾರಿಲಾಲ್ ಗುಪ್ತರ ಪ್ರಸಂಗ ಇಲ್ಲಿ ಗಮನಾರ್ಹ. ಕಲ್ಕತ್ತೆಯಲ್ಲಿ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರಾಗಿದ್ದಾಗ ಯುರೋಪಿಯನ್ ಆರೋಪಿಗಳ ವಿಚಾರಣೆ ನಡೆಸುವ ಅಧಿಕಾರ ಅವರಿಗಿತ್ತು. ಬಡ್ತಿ ಪಡೆದು ಜಿಲ್ಲೆಗೆ ಹೋದರೆ ಆ ಅಧಿಕಾರ ಇಲ್ಲವಾಗುತ್ತಿತ್ತು. ಮನುಷ್ಯ ಅವರೇ, ಕಲಿತ ಕಾನೂನು ಅದೇ. ಹುದ್ದೆ ಮೇಲೇರಿದರೆ ಯೋಗ್ಯತೆ ಕೆಳಗಿಳಿಯುವುದೆಂಬ ವಿಚಿತ್ರ. 1882ರಲ್ಲಿ ಈ ಅಸಂಗತಿಯನ್ನು ತೋರಿಸಿ ಅವರು ಸರ್ಕಾರಕ್ಕೆ ಟಿಪ್ಪಣಿ ಬರೆದರು. ಆ ಟಿಪ್ಪಣಿಯೇ 1883ರ ಇಲ್ಬರ್ಟ್ ಮಸೂದೆಗೆ ದಾರಿಯಾಯಿತು. ಭಾರತೀಯ ನ್ಯಾಯಾಧೀಶರ ಮುಂದೆ ತಾವು ನಿಲ್ಲುವುದೇ ಎಂದು ಆಂಗ್ಲ ಸಮುದಾಯ ಎಬ್ಬಿಸಿದ ಗದ್ದಲಕ್ಕೆ ಸರ್ಕಾರ ಮಣಿಯಿತು. ಯುರೋಪಿಯನ್ ಆರೋಪಿಯು ಅರ್ಧದಷ್ಟಾದರೂ ಯುರೋಪಿಯನ್ನರಿರುವ ಜ್ಯೂರಿಯನ್ನು ಕೇಳಬಹುದೆಂಬ ರಾಜಿಯೊಂದಿಗೆ 1884ರಲ್ಲಿ ಕಾಯಿದೆ ಜಾರಿಯಾಯಿತು. ಕೆಲವೇ ವರ್ಷಗಳಲ್ಲಿ, 1890ರಲ್ಲಿ, ಕಿಪ್ಲಿಂಗ್ 'ದಿ ಹೆಡ್ ಆಫ್ ದಿ ಡಿಸ್ಟ್ರಿಕ್ಟ್' ಎಂಬ ಕಥೆ ಬರೆದ. ಅದರಲ್ಲಿ ಎಂ.ಎ. ಪದವೀಧರನಾದ ಬಂಗಾಳಿ ಅಧಿಕಾರಿಯೊಬ್ಬ ಗಡಿ ಜಿಲ್ಲೆಗೆ ನೇಮಕವಾಗಿ, ಗಲಭೆಯ ಮೊದಲ ಸೂಚನೆಗೇ ಪಲಾಯನ ಮಾಡುತ್ತಾನೆ. ಇಂಗ್ಲಿಷ್ ಸಾಹಿತ್ಯವನ್ನು ಪ್ರೀತಿಯಿಂದ ಓದಿದ ನಮ್ಮಂಥವರು ಅದನ್ನು ಕಥನಕೌಶಲಕ್ಕಾಗಿ ಓದಬಹುದು. ಆದರೆ ಪದವಿ ಪಡೆದ ಭಾರತೀಯನನ್ನು ವೇಷಧಾರಿಯೆಂದು ಚಿತ್ರಿಸಿದ ದಾಖಲೆಯಾಗಿಯೂ ಅದನ್ನು ಓದಬೇಕಾಗುತ್ತದೆ.

ಈ ಬಗೆಯ ಸಂದೇಹವನ್ನು ಹುಟ್ಟಿಸಿದವರು ವಿದೇಶೀಯರು ಮಾತ್ರ ಎಂದುಕೊಂಡರೆ ನಮ್ಮ ಮನೆಯ ಚರಿತ್ರೆಯನ್ನು ಮರೆತಂತೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳು ಹೆಚ್ಚಾಗಿ ಬ್ರಾಹ್ಮಣರ ಕೈಯಲ್ಲಿದ್ದ ಕಾಲಕ್ಕೆ, ಹಿಂದುಳಿದ ಸಮುದಾಯಗಳ ಅಹವಾಲನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಈ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಶಿಫಾರಸು ಮಾಡಿತು. ಇಂಥ ನೇಮಕದಿಂದ ಆಡಳಿತದ ದಕ್ಷತೆ ಕುಂದುವುದೆಂಬುದು ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ನಿಲುವು. ಅವರು ಅದೇ ಕಾಲದಲ್ಲಿ ದಿವಾನಗಿರಿಯಿಂದ ಹೊರನಡೆದರು. ಅವರ ಕಾಳಜಿಯ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ಆದರೆ 'ದಕ್ಷತೆ' ಎಂಬ ಪದ ಆಮೇಲೆ ತಲೆಮಾರುಗಳ ಕಾಲ ಹೇಗೆ ಬಳಕೆಯಾಯಿತು ಎಂಬುದನ್ನು ಕಚೇರಿಗಳಲ್ಲಿರುವ ನಾವು ಬಲ್ಲೆವು. ಮೀಸಲಾತಿಯ ಮೂಲಕ ಬಂದ ಸಹೋದ್ಯೋಗಿ ಎಷ್ಟೇ ಅಚ್ಚುಕಟ್ಟಾಗಿ ಕಡತ ಸಿದ್ಧಪಡಿಸಿದರೂ ಊಟದ ವಿರಾಮದಲ್ಲಿ ಒಂದು ಪಿಸುಮಾತು ಅವರ ಬೆನ್ನ ಹಿಂದೆ ಹರಿಯುತ್ತದೆ. ತಪ್ಪಾದರೆ ಅದು ಅವರ ಜಾತಿಯ ಲೆಕ್ಕಕ್ಕೆ. ಸರಿಯಾದರೆ ಅದು ಅಪವಾದದ ಲೆಕ್ಕಕ್ಕೆ. ಈ ಪಿಸುಮಾತು ಕಿವಿಗೆ ಬಿದ್ದವರಲ್ಲಿ ಹುಟ್ಟುವ ಅಳುಕನ್ನು ಅವರ ಮನೋದೌರ್ಬಲ್ಯವೆಂದು ಕರೆಯುವುದು ಎಷ್ಟು ನ್ಯಾಯ?

ಈಗ ವಿರಾಜಪೇಟೆಗೆ ಬರೋಣ. ಚೋನಿರ ಬೆಳ್ಯಪ್ಪ ಮುತ್ತಮ್ಮ, ಅಂದರೆ ಸಿ.ಬಿ. ಮುತ್ತಮ್ಮ, ಹುಟ್ಟಿದ್ದು 1924ರಲ್ಲಿ. ತಂದೆ ಅರಣ್ಯ ಅಧಿಕಾರಿ. ಅವರು ಬೇಗ ತೀರಿಕೊಂಡಾಗ ಮಕ್ಕಳನ್ನು ಓದಿಸುವ ಹೊಣೆಯನ್ನು ತಾಯಿ ಹೊತ್ತರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಸಿವಿಲ್ ಸೇವಾ ಪರೀಕ್ಷೆಯಲ್ಲಿ ಗೆದ್ದು 1949ರಲ್ಲಿ ಅವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಮಹಿಳೆಗೆ ಈ ಸೇವೆ ತಕ್ಕುದಲ್ಲವೆಂದು ಸಂದರ್ಶನ ಮಂಡಳಿಯೇ ಅವರ ಮನವೊಲಿಸಲು ಯತ್ನಿಸಿತ್ತು. ಸೇರುವಾಗ, ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದಾಗ, ವೃತ್ತಿಪರ ಸೇವೆಯಿಂದ ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ ಅವರೇ. ಆದರೂ ಸೇವೆಯ ಮೊದಲನೆಯ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅವರಲ್ಲಿ ಸಾಕಷ್ಟು ಅರ್ಹತೆ ಕಂಡುಬಂದಿಲ್ಲವೆಂದು ಸರ್ಕಾರ ತೀರ್ಮಾನಿಸಿತು. ಅವರಿಗಿಂತ ಕಿರಿಯರು ಮುಂದೆ ಹೋದರು.

ಮೂರು ದಶಕಗಳ ಸೇವೆಯ ಅಂಚಿನಲ್ಲಿ 'ಅರ್ಹತೆ ಸಾಲದು' ಎಂಬ ಮಾತು ಬಂದರೆ ನಮ್ಮಲ್ಲಿ ಹಲವರು ಏನು ಮಾಡುತ್ತೇವೆ? ಮಾತನ್ನು ನಂಬುತ್ತೇವೆ. ಎಲ್ಲಿ ಕೊರತೆಯಾಯಿತೆಂದು ರಾತ್ರಿಯೆಲ್ಲ ಎಣಿಸುತ್ತೇವೆ. ಮುತ್ತಮ್ಮ ನಿಯಮಾವಳಿಯನ್ನು ತೆರೆದು ಓದಿದರು. ಮದುವೆಗೆ ಮುನ್ನ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ಬಳಿಕ ಕೌಟುಂಬಿಕ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕು ಎಂದು 1961ರ ನಡತೆ ನಿಯಮಗಳು ಹೇಳುತ್ತಿದ್ದವು. ಅದೇ ವರ್ಷದ ನೇಮಕಾತಿ ನಿಯಮಗಳ ಪ್ರಕಾರ ವಿವಾಹಿತ ಮಹಿಳೆಗೆ ಈ ಸೇವೆಯ ನೇಮಕವು ಹಕ್ಕಾಗಿ ಸಲ್ಲುವಂತಿರಲಿಲ್ಲ. ಮಹಿಳೆಯರ ಬಗ್ಗೆ ಇಂಥ ಪೂರ್ವಗ್ರಹವುಳ್ಳ ವ್ಯವಸ್ಥೆ ತನ್ನ ಅರ್ಹತೆಯನ್ನು ನ್ಯಾಯವಾಗಿ ಅಳೆಯಲಾರದು ಎಂದು ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು.

ಆಗ ನಡೆದದ್ದನ್ನು ಗಮನಿಸಬೇಕು. ಅರ್ಜಿ ದಾಖಲಾದ ಕೆಲವೇ ತಿಂಗಳುಗಳಲ್ಲಿ ಸರ್ಕಾರಕ್ಕೆ ಅವರಲ್ಲಿ ಅರ್ಹತೆ ಕಂಡಿತು, ಬಡ್ತಿ ಸಿಕ್ಕಿತು. ಅಷ್ಟು ಅಲ್ಪಾವಧಿಯಲ್ಲಿ ಮುತ್ತಮ್ಮನವರ ಬುದ್ಧಿಯಾಗಲಿ ಅನುಭವವಾಗಲಿ ಮಾರ್ಪಟ್ಟಿರಲಾರದು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ತೀರ್ಪು ನೀಡಿದರು. ಬಡ್ತಿ ದೊರೆತಿದ್ದುದರಿಂದ ಅರ್ಜಿ ವಜಾ ಆಯಿತಾದರೂ, ಸಮಸ್ಯೆ ಹಾಗೆಯೇ ಉಳಿದಿದೆಯೆಂದು ಅವರು ಸ್ಪಷ್ಟಪಡಿಸಿದರು. ಕೈತಪ್ಪಿದ ಸೇವಾ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ, ಲಿಂಗ ತಾರತಮ್ಯದ ಕಲೆಯನ್ನು ಸೇವಾ ನಿಯಮಗಳಿಂದ ತೊಡೆಯುವಂತೆ ಸರ್ಕಾರಕ್ಕೆ ಸೂಚಿಸಿದರು. ಸಂಸಾರದ ಹೊಣೆ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕರ್ತವ್ಯಕ್ಕೂ ಅಡ್ಡಿಯಾಗಬಹುದಲ್ಲವೇ ಎಂಬ ಅವರ ತರ್ಕಕ್ಕೆ ಉತ್ತರವಿರಲಿಲ್ಲ.

ಅಟ್ಲಾಂಟಾದ ಸಂಶೋಧನೆಯನ್ನು ಮುತ್ತಮ್ಮನವರ ಪ್ರಕರಣ ಸುಳ್ಳಾಗಿಸುವುದಿಲ್ಲ. ಅದಕ್ಕೆ ಇರುವ ಎಲ್ಲೆಯನ್ನು ತೋರಿಸುತ್ತದೆ. ಅಮೆರಿಕದಲ್ಲಿಯೂ ಈ ಅರಿವು ಬರಲು ಬಹಳ ಕಾಲ ಹಿಡಿಯಿತು. 2021ರಲ್ಲಿ ರುಚಿಕಾ ತುಲ್ಶಿಯಾನ್ ಮತ್ತು ಜೋಡಿ-ಆನ್ ಬ್ಯೂರಿ ಎಂಬ ಇಬ್ಬರು ಲೇಖಕಿಯರು 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಇದೇ ವಾದವನ್ನು ಮಂಡಿಸಿದರು: ಮಹಿಳೆಯರನ್ನು ಸರಿಪಡಿಸುವ ಬದಲು, ಅವರಲ್ಲಿ ಅಳುಕು ಹುಟ್ಟಿಸುವ ಕಚೇರಿಗಳನ್ನು ಸರಿಪಡಿಸಬೇಕೆಂದು.

ನಮ್ಮ ಮಟ್ಟಿಗೆ 1979ಕ್ಕೆ ಇನ್ನೂ ಒಂದು ಮಹತ್ವವಿದೆ. ಕೊಠಾರಿ ಸಮಿತಿಯ ಶಿಫಾರಸಿನಂತೆ ಅದೇ ವರ್ಷದಿಂದ ಕೇಂದ್ರದ ಸಿವಿಲ್ ಸೇವಾ ಪರೀಕ್ಷೆಯ ಉತ್ತರಗಳನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಹಾಗಾಗಿ ಕನ್ನಡದಲ್ಲಿಯೂ, ಬರೆಯಲು ಅವಕಾಶವಾಯಿತು. ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ದೆಹಲಿಯ ಬಾಗಿಲು ತೆರೆಯಿತು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಮಾನ್ಯವಾದ ಭಾಷೆ ಕೆಲಸದ ಕೊಠಡಿಯಲ್ಲಿ ಕೇಳಿಬರುವುದಿಲ್ಲ. ಅಲ್ಲಿ ಟಿಪ್ಪಣಿ ಇಂಗ್ಲಿಷಿನಲ್ಲಿ, ಹರಟೆ ಹಿಂದಿಯಲ್ಲಿ. ಹೊರನಾಡಿನಲ್ಲಿ ಕೇಂದ್ರ ಸೇವೆಗೆ ಸೇರಿದ ನಮ್ಮಲ್ಲಿ ಅನೇಕರು ಮೂವತ್ತು ದಾಟಿದ ಮೇಲೆ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಹಿಂದಿ ಪರೀಕ್ಷೆಗಳಿಗೆ ಶಾಲಾ ಮಕ್ಕಳಂತೆ ಕುಳಿತಿದ್ದೇವೆ. ಹೊಸ ಭಾಷೆ ಕಲಿಯುವುದು ಲಾಭವೇ. ಆದರೆ ಸಭೆಯಲ್ಲಿ ಲಿಂಗ ತಪ್ಪಿದ ಒಂದು ಹಿಂದಿ ವಾಕ್ಯಕ್ಕೆ ಎದ್ದ ನಗು, ಹೇಳಬೇಕಾಗಿದ್ದ ಮುಂದಿನ ಹತ್ತು ವಾಕ್ಯಗಳನ್ನು ನುಂಗಿಬಿಡುತ್ತದೆ. ಉಚ್ಚಾರಣೆಯ ಸಂಕೋಚ ಕ್ರಮೇಣ ವಿಚಾರದ ಸಂಕೋಚವಾಗುತ್ತದೆ. ಮಾತನಾಡದವರನ್ನು ಕಚೇರಿ ಏನೂ ತಿಳಿಯದವರೆಂದು ಎಣಿಸುತ್ತದೆ. ಕೆಲವು ವರ್ಷಗಳಲ್ಲಿ ಅವರೂ ಹಾಗೆಯೇ ಎಣಿಸತೊಡಗುತ್ತಾರೆ. ಬಡ್ತಿಯೊಂದಿಗೆ ಬರುವ ಹೊಸ ಊರನ್ನೂ ಹೊಸ ಹೊಣೆಯನ್ನೂ ಬೇಡವೆಂದು ಬರೆದುಕೊಡುವವರಲ್ಲಿ ಕೆಲವರಿಗಾದರೂ ಮನೆಯ ಕಾರಣದ ಹಿಂದೆ ಈ ಅಳುಕಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ವಿನಯವೇ ಭೂಷಣವೆಂದು ಕಲಿತು ಬಂದ ನಾವು ಈ ಅಳುಕನ್ನು ವಿನಯವೆಂದು ಭ್ರಮಿಸುವುದುಂಟು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ತಮ್ಮ ವಚನಗಳಲ್ಲಿ ತಮ್ಮನ್ನು ಎಷ್ಟು ಕಿರಿದಾಗಿಸಿಕೊಂಡರೆಂಬುದು ಕನ್ನಡಿಗರೆಲ್ಲರಿಗೂ ಗೊತ್ತು. ನಮ್ಮ ಹಳೆಯ ಕವಿಗಳೂ ಕಾವ್ಯದ ಆರಂಭದಲ್ಲಿ ತಮ್ಮ ಅಲ್ಪತ್ವವನ್ನು ಹೇಳಿಕೊಂಡವರೇ. ಆದರೆ ಆ ಮಾತು ಬಹಿರಂಗದ ಮಾತು. ಶರಣರ ಮುಂದೆ, ಸಹೃದಯರ ಮುಂದೆ ಗಟ್ಟಿಯಾಗಿ ಆಡಿದ್ದು. ಆಡಿದ ಮೇಲೆ ಬಸವಣ್ಣನವರು ಕೆಲಸ ಬಿಡಲಿಲ್ಲ, ಕವಿ ಕಾವ್ಯವನ್ನು ನಿಲ್ಲಿಸಲಿಲ್ಲ. ಸೋಗಿನ ಅಳುಕು ಇದಕ್ಕೆ ವಿರುದ್ಧವಾಗಿ ಬಚ್ಚಿಟ್ಟುಕೊಂಡು ಬೆಳೆಯುವಂಥದು. ವಿನಯವಂತನಿಗೆ ತನ್ನ ಕೊರತೆ ಇನ್ನೊಬ್ಬರಿಗೆ ತಿಳಿದರೆ ಭಯವಿಲ್ಲ. ಅಳುಕುಳ್ಳವನಿಗೆ ಅದೊಂದೇ ಭಯ.

ಕ್ಲಾನ್ಸ್ ಮತ್ತು ಐಮ್ಸ್ ಸೂಚಿಸಿದ ಪರಿಹಾರವೂ ಈ ಗುಟ್ಟನ್ನು ಒಡೆಯುವುದೇ ಆಗಿತ್ತು. ಸಮಾನರ ಗುಂಪಿನಲ್ಲಿ ಕುಳಿತು ಮಾತನಾಡುವುದು ಅವರ ಮೊದಲ ಸಲಹೆ. ತನ್ನೊಬ್ಬಳದೇ ಎಂದುಕೊಂಡಿದ್ದ ಭಯ ಪಕ್ಕದವಳಲ್ಲಿಯೂ ಇದೆಯೆಂದು ಕಂಡಾಗ, ಅವಳ ಭಯ ಎಷ್ಟು ನಿರಾಧಾರವೆಂಬುದು ಕಾಣುತ್ತದೆ; ಆ ಬೆಳಕಿನಲ್ಲಿ ತನ್ನದೂ ಕಾಣುತ್ತದೆ. ಇನ್ನೊಂದು ಉಪಾಯ: ಯಾರು ಯಾರನ್ನು ವಂಚಿಸಿದ್ದೇನೆ ಎಂದು ಪಟ್ಟಿ ಮಾಡಿ, ಅವರೆದುರು ತಪ್ಪೊಪ್ಪಿಕೊಂಡಂತೆ ಕಲ್ಪಿಸಿಕೊಂಡು ಅವರ ಪ್ರತಿಕ್ರಿಯೆಯನ್ನೂ ಊಹಿಸುವುದು. ತಮ್ಮನ್ನು ಆರಿಸಿದ ಅನುಭವಿಗಳೆಲ್ಲ ಏಕಕಾಲಕ್ಕೆ ಮೋಸಹೋದರೆಂದು ನಂಬುವುದು ಆಗ ಕಷ್ಟವಾಗುತ್ತದೆ. ಮತ್ತೊಂದು: ಬಂದ ಮೆಚ್ಚುಗೆಯನ್ನು ತಳ್ಳಿಹಾಕುವ ಮುನ್ನ ದಾಖಲಿಸಿಕೊಳ್ಳುವುದು. ಕಡತದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂಬ ಸರ್ಕಾರಿ ನಂಬಿಕೆಯ ನಮಗೆ ಇದು ಸುಲಭವಾಗಬೇಕು.

ಇವು ಒಳಗಿನ ಕೆಲಸಗಳು. ಹೊರಗಿನ ಕೆಲಸಕ್ಕೂ ನಮ್ಮ ಸೇವೆಯಲ್ಲಿಯೇ ಉದಾಹರಣೆಯಿದೆ. ಮೊದಲು ನೌಕರನ ವಾರ್ಷಿಕ ವರದಿ ಗೌಪ್ಯವಾಗಿತ್ತು. ಪ್ರತಿಕೂಲ ಷರಾ ಇದ್ದರಷ್ಟೇ ತಿಳಿಸುತ್ತಿದ್ದರು. ಮೇಲಧಿಕಾರಿ 'ಉತ್ತಮ' ಎಂದು ಬರೆದು, ಬಡ್ತಿಗೆ 'ಅತ್ಯುತ್ತಮ' ಬೇಕಾಗಿದ್ದರೆ, ನೌಕರನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. 2008ರಲ್ಲಿ ದೇವದತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕೆಂದಿತು. 2009ರ ಆದೇಶದ ಬಳಿಕ ಇಡೀ ವರದಿ ನಮ್ಮ ಕೈಗೆ ಬರುತ್ತಿದೆ, ಒಪ್ಪದಿದ್ದರೆ ಉತ್ತರ ಬರೆಯಬಹುದು. ತನ್ನ ಬಗ್ಗೆ ಇತರರ ಅಭಿಪ್ರಾಯವೇನೆಂದು ಊಹಿಸುತ್ತ ಕೂರುವುದರಲ್ಲಿಯೇ ಅಳುಕು ಬೆಳೆಯುತ್ತದೆ; ಬರೆದದ್ದನ್ನು ಓದಲು ಸಿಕ್ಕಿದರೆ ಊಹೆಗೆ ಜಾಗವಿಲ್ಲ. ಅದೇ ಕಾರಣಕ್ಕೆ, ಕಿರಿಯರ ವರದಿ ಬರೆಯುವ ಸ್ಥಾನದಲ್ಲಿರುವ ನಮ್ಮವರ ಹೊಣೆಯೂ ದೊಡ್ಡದು. ಏನು ಚೆನ್ನಾಗಿತ್ತು, ಏನು ಸಾಲದಾಯಿತು ಎಂದು ನಿರ್ದಿಷ್ಟವಾಗಿ ಬರೆದ ಎರಡು ಸಾಲು, ಹತ್ತು ವಿಶೇಷಣಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ. ಹೊಸದಾಗಿ ಬಂದ ತರುಣಿಯ ಹಿಂದಿಗೆ ಸಭೆ ನಕ್ಕಾಗ, ಅವಳ ಮಾತಿನ ತಿರುಳನ್ನು ಎತ್ತಿಕೊಂಡು ಚರ್ಚೆಯನ್ನು ಮುಂದುವರಿಸುವ ಹಿರಿಯರೊಬ್ಬರು ಇದ್ದರೆ ಸಾಕು.

ಅಳುಕು ಬಂದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ಈ ಚರಿತ್ರೆ ನಮಗೆ ಕಲಿಸುತ್ತದೆ. ನನ್ನಲ್ಲಿ ನಿಜವಾಗಿಯೂ ಕೊರತೆಯಿದೆಯೇ? ಇದ್ದರೆ ಅದನ್ನು ಕಲಿತು ತುಂಬಿಕೊಳ್ಳಬಹುದು, ಅದರಲ್ಲಿ ಅವಮಾನವಿಲ್ಲ. ಇಲ್ಲದಿದ್ದರೆ, ಇದೆಯೆಂದು ನನಗೆ ಹೇಳಿದವರು ಯಾರು, ಯಾವ ನಿಯಮದ ಪ್ರಕಾರ? ಮುತ್ತಮ್ಮನವರು ಎರಡನೆಯ ಪ್ರಶ್ನೆ ಕೇಳಿದ್ದರಿಂದ, 2009ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಮದುವೆಯ ಮುಚ್ಚಳಿಕೆ ಬರೆಯದೆಯೇ ವಿದೇಶಾಂಗ ಸೇವೆಗೆ ಸೇರಿದ ಹೆಣ್ಣುಮಕ್ಕಳ ಒಂದು ತಲೆಮಾರೇ ಬೆಳೆದು ನಿಂತಿತ್ತು.